ನೀರಿನ ವರದಿ ಮೀನಿನ ವರದಿಯಲ್ಲ: ಕೆರೆ ಮೀನಿನಲ್ಲಿ ಭಾರಲೋಹದ ಭಯ ಎಷ್ಟು, ನಿಜ ಎಷ್ಟು?

ಪ್ರಶ್ನೆ: ನಮ್ಮದು ಕೋಲಾರ ತಾಲ್ಲೂಕಿನ ನರಸಾಪುರದ ಹತ್ತಿರದ ಹಳ್ಳಿ. ಬಹಳ ವರ್ಷ ಒಣಗಿ ಜಾಲಿ ಬೆಳೆದಿದ್ದ ನಮ್ಮೂರ ಕೆರೆಗೆ ಕೆ.ಸಿ. ವ್ಯಾಲಿ ಯೋಜನೆಯ ನೀರು (ಬೆಂಗಳೂರಿನ ಸಂಸ್ಕರಿಸಿದ ಕೊಳಚೆ ನೀರು) ಬಂದ ಮೇಲೆ ವರ್ಷವಿಡೀ ನೀರು ನಿಂತಿದೆ. ಗುತ್ತಿಗೆ ಹಿಡಿದವರು ಮೀನುಮರಿ ಬಿಟ್ಟಿದ್ದಾರೆ. ಭಾನುವಾರ ಏರಿಯ ಮೇಲೆಯೇ ತೂಗಿ ಕೊಡುತ್ತಾರೆ. ವಾರಕ್ಕೆ ಒಂದೆರಡು ಸಲ ತಂದು ಸಾರು ಮಾಡುತ್ತೇನೆ. ಈಗ ಮಗಳು ಏಳು ತಿಂಗಳ ಬಸುರಿ, ಹೆರಿಗೆಗೆಂದು ಬಂದಿದ್ದಾಳೆ. ಜೊತೆಯಲ್ಲಿ ಐದು ವರ್ಷದ ಮೊಮ್ಮಗ. ನಮ್ಮ ಅತ್ತೆಯವರು ‘ಬೆಂಗಳೂರಿನ ಕೊಳಚೆಯಲ್ಲಿ ಬೆಳೆದ ಮೀನು’ ಎಂದು ಮುಟ್ಟುವುದೇ ಇಲ್ಲ. ‘ನೀರಿನಲ್ಲಿ ವಿಷ ಇದ್ದರೆ ಮೀನು ಬದುಕುತ್ತಿತ್ತೇ?’ ಎಂಬುದು ಯಜಮಾನರ ವಾದ. ಮೊಬೈಲಿಗೆ ಬಂದ ಒಂದು ವಿಡಿಯೋದಲ್ಲಿ ಕೆರೆ ಮೀನಿನಲ್ಲಿ ಸೀಸ, ಪಾದರಸ, ಕ್ಯಾಡ್ಮಿಯಂ ಮಿತಿಗಿಂತ ಎಷ್ಟೋ ಪಟ್ಟು ಇದೆ, ತಿಂದರೆ ಕ್ಯಾನ್ಸರ್ ಎಂದಿದ್ದಾರೆ. ಪಂಚಾಯಿತಿಯಲ್ಲಿ ಕೇಳಿದರೆ ‘ನೀರಿನ ಪರೀಕ್ಷೆ ಆಗಿದೆ, ಎಲ್ಲವೂ ಮಿತಿಯೊಳಗಿದೆ’ ಎಂದರು. ಪಕ್ಕದ ಮನೆಯವರು ಹುಣಸೆ ನೀರು, ಅರಿಶಿನದಲ್ಲಿ ಅರ್ಧ ಗಂಟೆ ನೆನೆಸಿದರೆ ವಿಷವೆಲ್ಲ ಹೋಗುತ್ತದೆ ಎನ್ನುತ್ತಾರೆ. ಯಾರ ಮಾತು ನಂಬಲಿ? ಮೀನು ನಿಲ್ಲಿಸಬೇಕೇ? ಯಾವ ಮೀನು ತಿನ್ನಬಹುದು? ಪರೀಕ್ಷೆ ಎಲ್ಲಿ ಮಾಡಿಸಬೇಕು?

ಉತ್ತರ: ನಿಮ್ಮ ಪತ್ರದಲ್ಲಿ ಹಲವು ಪ್ರಶ್ನೆಗಳಿದ್ದರೂ ನಿಜವಾದ ಚಿಂತೆ ಮಗಳದ್ದು ಮತ್ತು ಮೊಮ್ಮಗನದ್ದು. ಅದು ಸರಿಯಾದ ಚಿಂತೆಯೇ. ಸೀಸ, ಪಾದರಸ, ಕ್ಯಾಡ್ಮಿಯಂನಂಥ ಭಾರಲೋಹಗಳ ಹಾನಿ ಮೊದಲು ತಟ್ಟುವುದು ಗರ್ಭದಲ್ಲಿರುವ ಮಗುವಿಗೆ ಮತ್ತು ಐದಾರು ವರ್ಷದೊಳಗಿನ ಮಕ್ಕಳಿಗೆ. ಆದ್ದರಿಂದ ಉತ್ತರವನ್ನೂ ಅವರಿಬ್ಬರನ್ನು ಮುಂದಿಟ್ಟುಕೊಂಡೇ ಬರೆಯುತ್ತೇನೆ.

ಮೀನು ಪೂರ್ತಿ ಬಿಡಬೇಕಾಗಿಲ್ಲ. ಯಾವ ಜಾತಿ, ಎಷ್ಟು ಗಾತ್ರ, ಯಾವ ಭಾಗ, ವಾರಕ್ಕೆ ಎಷ್ಟು ಸಲ ಎಂಬುದನ್ನು ಬದಲಾಯಿಸಿಕೊಳ್ಳಬೇಕು. ಪಂಚಾಯಿತಿಯವರು ಹೇಳಿದ್ದು ಸುಳ್ಳಲ್ಲದಿರಬಹುದು, ಆದರೆ ಅದು ನಿಮ್ಮ ಪ್ರಶ್ನೆಗೆ ಉತ್ತರವಲ್ಲ. ನೀರು ಮಿತಿಯೊಳಗಿದೆ ಎಂದ ಮಾತ್ರಕ್ಕೆ ಮೀನೂ ಮಿತಿಯೊಳಗಿದೆ ಎಂದಾಗುವುದಿಲ್ಲ.

ಮೊದಲು ನಿಮ್ಮ ಕೆರೆಗೆ ಬರುತ್ತಿರುವ ನೀರಿನ ಬಗ್ಗೆ. ಬೆಂಗಳೂರಿನ ಕೋರಮಂಗಲ–ಚಲ್ಲಘಟ್ಟ (ಕೆ.ಸಿ.) ಕಣಿವೆಯ ಕೊಳಚೆ ನೀರನ್ನು ಎರಡನೇ ಹಂತದವರೆಗೆ ಸಂಸ್ಕರಿಸಿ, ದಿನಕ್ಕೆ 44 ಕೋಟಿ ಲೀಟರ್‌ನಷ್ಟನ್ನು ಪಂಪ್ ಮಾಡಿ, ಕೋಲಾರ ಭಾಗದ 126 ಕೆರೆಗಳನ್ನು ತುಂಬಿಸುವುದು ಈ ಯೋಜನೆಯ ಲೆಕ್ಕ. ಮೊದಲು ನೀರು ಬಂದದ್ದು 2018ರ ಜೂನ್‌ನಲ್ಲಿ, ಲಕ್ಷ್ಮೀಸಾಗರ ಕೆರೆಗೆ. ಮರುತಿಂಗಳೇ ಅಲ್ಲಿ ನೊರೆ ಎದ್ದಿತು, ವಿಷಯ ಹೈಕೋರ್ಟ್ ಮೆಟ್ಟಿಲೇರಿತು. ಆ ನೊರೆಯ ಚಿತ್ರ ಜನರ ಮನಸ್ಸಿನಿಂದ ಇನ್ನೂ ಹೋಗಿಲ್ಲ. ಚಿಕ್ಕಬಳ್ಳಾಪುರದ ಕಡೆಗೆ ಹೆಬ್ಬಾಳ–ನಾಗವಾರ ಕಣಿವೆಯ ನೀರು ಹೋಗುತ್ತಿದೆ. ಅಲ್ಲಿನ ಓದುಗರಿಗೂ ಇಲ್ಲಿ ಹೇಳುವ ಬಹುಪಾಲು ಮಾತು ಅನ್ವಯಿಸುತ್ತದೆ.

ಎರಡನೇ ಹಂತದ ಸಂಸ್ಕರಣೆ ಎಂದರೆ ಬ್ಯಾಕ್ಟೀರಿಯಾಗಳನ್ನು ಬಳಸಿ ಕೊಳಚೆಯ ಸಾವಯವ ಭಾಗವನ್ನು ಕೊಳೆಯಿಸಿ ತೆಗೆಯುವುದು. ಲೋಹ ತೆಗೆಯಲೆಂದು ಮಾಡಿದ ವ್ಯವಸ್ಥೆ ಅದಲ್ಲ. ಆದರೂ ಸೀಸ, ತಾಮ್ರ, ಕ್ರೋಮಿಯಂಗಳಲ್ಲಿ ಗಣನೀಯ ಪಾಲು ಗಸಿಗೆ ಅಂಟಿಕೊಂಡು ಘಟಕದಲ್ಲೇ ಉಳಿಯುತ್ತದೆ. ನಿಕಲ್ ಅಷ್ಟು ಸುಲಭವಾಗಿ ಹಿಡಿಗೆ ಸಿಗುವುದಿಲ್ಲ. ಹೀಗಾಗಿ ಕೆರೆಗೆ ಬರುವ ನೀರಿನಲ್ಲಿ ಲೋಹದ ಪ್ರಮಾಣ ಹಸಿ ಕೊಳಚೆಗಿಂತ ಬಹಳ ಕಡಿಮೆ, ಆದರೆ ಸೊನ್ನೆಯಲ್ಲ. ಸಾರಜನಕ, ರಂಜಕಗಳಂತೂ ಹೆಚ್ಚಿಗೇ ಇರುತ್ತವೆ. ಕೆರೆ ಹಸಿರುಗಟ್ಟುವುದು ಅದರಿಂದಲೇ.

ನೊರೆ ಏಳುವುದು ಸೋಪು, ಡಿಟರ್ಜೆಂಟ್‌ಗಳಿಂದ. ಮೀನಿಗೆ ಬರುವ ಮಣ್ಣು ವಾಸನೆ ಕೆಲವು ಪಾಚಿಗಳು ಬಿಡುವ ವಸ್ತುವಿನಿಂದ. ಮಳೆಗಾಲದ ಮೋಡದ ದಿನಗಳಲ್ಲಿ ಬೆಳಗಿನ ಜಾವ ಮೀನು ಬಾಯಿ ತೆರೆದು ಮೇಲೆ ಬಂದು ಸಾಯುವುದಕ್ಕೆ ಸಾಮಾನ್ಯ ಕಾರಣ ರಾತ್ರಿ ಪಾಚಿಯೇ ಆಮ್ಲಜನಕವನ್ನು ಉಸಿರಾಡಿ ಮುಗಿಸಿರುವುದು, ಇಲ್ಲವೇ ಅಮೋನಿಯ. ಈ ಮೂರೂ ಕೆಟ್ಟ ಲಕ್ಷಣಗಳೇ, ಆದರೆ ಲೋಹದ ಲಕ್ಷಣಗಳಲ್ಲ. ಲೋಹಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ, ನಾಲಗೆಗೆ ಸಿಗುವುದಿಲ್ಲ. ತಿಳಿಯಾದ ನೀರಿನ ಮೀನಿನಲ್ಲೂ ಇರಬಹುದು, ಹಸಿರು ನೀರಿನ ಮೀನಿನಲ್ಲಿ ಇಲ್ಲದಿರಬಹುದು. ನಿಮ್ಮ ಅತ್ತೆಯವರ ಅಸಹ್ಯ ನನಗೆ ಅರ್ಥವಾಗುತ್ತದೆ. ಆದರೆ ನೋಡಿ, ಮೂಸಿ ತೀರ್ಮಾನಿಸುವ ವಿಷಯ ಇದಲ್ಲ.

ಅದೇ ಕಾರಣಕ್ಕೆ ನಿಮ್ಮ ಯಜಮಾನರ ವಾದವೂ ನಿಲ್ಲುವುದಿಲ್ಲ. ಮೀನನ್ನು ಕೊಲ್ಲುವ ಪ್ರಮಾಣ ಬೇರೆ, ಅದನ್ನು ತಿನ್ನುವ ಮಗುವಿಗೆ ತೊಂದರೆ ಕೊಡುವ ಪ್ರಮಾಣ ಬೇರೆ. ಜಪಾನಿನ ಮಿನಮಾಟಾದಲ್ಲಿ ಕಾರ್ಖಾನೆಯ ಪಾದರಸ ಸಮುದ್ರ ಸೇರಿ, ಮೀನಿನ ಮೂಲಕ ಜನರ ನರಮಂಡಲವನ್ನು ಹಾಳುಮಾಡಿತು. ಆ ಕಾಯಿಲೆ 1956ರಲ್ಲಿ ಅಧಿಕೃತವಾಗಿ ಗುರುತಾಯಿತು. ಆ ಜನ ತಿಂದದ್ದು ತಮ್ಮ ಕೊಲ್ಲಿಯಲ್ಲಿ ಈಜಾಡುತ್ತಿದ್ದ ಮೀನನ್ನೇ. ಮೀನು ತನ್ನ ದೇಹದಲ್ಲಿ ಕೆಲವು ಲೋಹಗಳನ್ನು ಪ್ರೋಟೀನಿಗೆ ಕಟ್ಟಿಹಾಕಿ, ಮೂತ್ರಪಿಂಡ, ಯಕೃತ್ತುಗಳಲ್ಲಿ ಕೂಡಿಟ್ಟುಕೊಂಡು ಆರಾಮವಾಗಿಯೇ ಬದುಕಬಲ್ಲದು.

ಇನ್ನು ಪಂಚಾಯಿತಿಯ ವರದಿ. ಇದರ ಬಗ್ಗೆ ಸ್ವಲ್ಪ ಹೆಚ್ಚು ಹೇಳಬೇಕು, ಏಕೆಂದರೆ ಗೊಂದಲದ ಮೂಲ ಇಲ್ಲಿಯೇ ಇದೆ. ನಮ್ಮ ಕೋಲಾರದ ನೀರು ಗಡಸು ಮತ್ತು ಕ್ಷಾರೀಯ. ಇಂಥ ನೀರಿನಲ್ಲಿ ಸೀಸ, ಕ್ಯಾಡ್ಮಿಯಂಗಳು ಹೆಚ್ಚು ಹೊತ್ತು ಕರಗಿದ ಸ್ಥಿತಿಯಲ್ಲಿ ಇರುವುದಿಲ್ಲ. ಕಾರ್ಬೊನೇಟ್ ಆಗಿಯೋ, ಜೇಡಿಯ ಕಣಗಳಿಗೆ ಅಂಟಿಕೊಂಡೋ ತಳದ ಹೂಳಿಗೆ ಇಳಿಯುತ್ತವೆ. ಮೇಲಿನಿಂದ ಬಾಟಲಿಯಲ್ಲಿ ನೀರು ತುಂಬಿ ಪ್ರಯೋಗಾಲಯಕ್ಕೆ ಕಳುಹಿಸಿದರೆ ಹೆಚ್ಚಿನ ಸಲ ‘ಪತ್ತೆಯಾಗಿಲ್ಲ’ ಎಂದೋ ‘ಮಿತಿಯೊಳಗಿದೆ’ ಎಂದೋ ಬರುತ್ತದೆ. ಅದು ಪ್ರಾಮಾಣಿಕ ವರದಿಯೇ. ಆದರೆ ಆರೇಳು ವರ್ಷಗಳಿಂದ ದಿನವೂ ಸ್ವಲ್ಪ ಸ್ವಲ್ಪವೇ ಇಳಿದದ್ದೆಲ್ಲ ಹೂಳಿನಲ್ಲಿದೆ. ಆ ಹೂಳಿನಲ್ಲಿ ಹುಳುಗಳಿವೆ, ಕೊಳೆತ ಎಲೆಗಳಿವೆ, ಅವನ್ನು ಕೆದಕಿ ತಿನ್ನುವ ಮೀನುಗಳಿವೆ. ಲೋಹ ಮೀನಿನೊಳಗೆ ಹೋಗುವ ಮುಖ್ಯ ದಾರಿಗಳಲ್ಲಿ ಒಂದು ಕಿವಿರು, ಇನ್ನೊಂದು ಹೊಟ್ಟೆ. ಬಾಟಲಿಯ ನೀರು ಕಿವಿರಿನ ದಾರಿಯ ಬಗ್ಗೆ ಮಾತ್ರ ಒಂದಿಷ್ಟು ಹೇಳುತ್ತದೆ. ಹೊಟ್ಟೆಯ ದಾರಿಯ ಬಗ್ಗೆ ಏನೂ ಹೇಳುವುದಿಲ್ಲ.

ಹೂಳಿಗೆ ಇಳಿದದ್ದು ಅಲ್ಲಿಯೇ ಇರುತ್ತದೆ ಎಂದೂ ಇಲ್ಲ. ಪಂಪಿಂಗ್ ನಿಂತು ಕೆರೆ ಅರ್ಧ ಒಣಗಿ ತಳದ ಮಣ್ಣು ಗಾಳಿಗೆ ತೆರೆದುಕೊಂಡು, ಮತ್ತೆ ನೀರು ತುಂಬಿದಾಗ ಕಟ್ಟಿಕೊಂಡಿದ್ದ ಲೋಹದ ಒಂದು ಪಾಲು ಬಿಡುಗಡೆಯಾಗುತ್ತದೆ. ತಳದಲ್ಲಿ ಆಮ್ಲಜನಕ ಇಲ್ಲದಂತಾದಾಗಲೂ ರಾಸಾಯನಿಕ ಸ್ಥಿತಿ ಬದಲಾಗುತ್ತದೆ. ಆದ್ದರಿಂದ ಒಂದು ದಿನದ ಒಂದು ಬಾಟಲಿ ನೀರು ಇಟ್ಟುಕೊಂಡು ವರ್ಷವಿಡೀ ತಿನ್ನುವ ಮೀನಿನ ಬಗ್ಗೆ ಭರವಸೆ ಕೊಡುವುದು ತಪ್ಪು. ಈ ಮಾತನ್ನು ನಾನು ಹಲವು ಸಭೆಗಳಲ್ಲಿ ಹೇಳಿದ್ದೇನೆ, ಇನ್ನೂ ಹೇಳುತ್ತಿದ್ದೇನೆ.

ಭಾರಲೋಹ ಎಂದು ಎಲ್ಲವನ್ನೂ ಒಂದೇ ಗಂಟಿಗೆ ಕಟ್ಟುವುದರಿಂದಲೂ ಭಯ ಬೆಳೆಯುತ್ತದೆ. ಒಂದೊಂದರ ನಡತೆ ಒಂದೊಂದು ರೀತಿ.

ಪಾದರಸ ಮೀನಿನ ಮಾಂಸದಲ್ಲೇ ಕೂರುತ್ತದೆ. ಆಮ್ಲಜನಕವಿಲ್ಲದ ಕೆಸರಿನಲ್ಲಿ ಕೆಲವು ಬ್ಯಾಕ್ಟೀರಿಯಾಗಳು ಅದನ್ನು ಮೀಥೈಲ್ ಪಾದರಸವಾಗಿ ಬದಲಾಯಿಸುತ್ತವೆ. ಆ ರೂಪದಲ್ಲಿ ಅದು ಸಣ್ಣ ಜೀವಿಯಿಂದ ಸಣ್ಣ ಮೀನಿಗೆ, ಸಣ್ಣ ಮೀನಿನಿಂದ ಅದನ್ನು ತಿನ್ನುವ ಮೀನಿಗೆ ಹೋಗುತ್ತಾ ಪ್ರತಿ ಮೆಟ್ಟಿಲಿನಲ್ಲೂ ಹೆಚ್ಚಾಗುತ್ತದೆ. ಸಾವಯವ ಕೊಳೆ ತುಂಬಿದ ಕೆರೆಯ ತಳ ಇದಕ್ಕೆ ಅನುಕೂಲವೇ. ಆದರೂ ನಮ್ಮ ಸಾಕಣೆ ಕೆರೆಗಳಲ್ಲಿ ಎರಡು ಸಂಗತಿಗಳು ನಮ್ಮ ಪರವಾಗಿವೆ. ಕಾಟ್ಲಾ, ರೋಹುಗಳು ಬೇರೆ ಮೀನನ್ನು ತಿನ್ನುವುದಿಲ್ಲ, ಆದ್ದರಿಂದ ಮೆಟ್ಟಿಲುಗಳು ಕಡಿಮೆ. ಅಲ್ಲದೆ ಅವು ವರ್ಷದೊಳಗೆ ಒಂದು ಕಿಲೋ ತೂಗುವಷ್ಟು ವೇಗವಾಗಿ ಬೆಳೆಯುತ್ತವೆ. ಬೇಗ ಬೆಳೆದ ಮಾಂಸದಲ್ಲಿ ಪಾದರಸ ಹರಡಿ ತೆಳುವಾಗುತ್ತದೆ.

ಸೀಸ ಹಾಗಲ್ಲ. ಅದು ಮೆಟ್ಟಿಲು ಹತ್ತಿ ಹೆಚ್ಚಾಗುವ ಲೋಹವಲ್ಲ. ಮೀನಿನಲ್ಲಿ ಅದು ಹೆಚ್ಚಾಗಿ ಸೇರುವುದು ಮೂಳೆ, ಕಿವಿರು, ಮೈಮೇಲಿನ ಪೊರೆ (ಹುರುಪೆ), ಯಕೃತ್ತು, ಮೂತ್ರಪಿಂಡಗಳಲ್ಲಿ. ಮಾಂಸದಲ್ಲಿ ಕಡಿಮೆ. ಕ್ಯಾಡ್ಮಿಯಂ ಮುಖ್ಯವಾಗಿ ಮೂತ್ರಪಿಂಡ ಮತ್ತು ಯಕೃತ್ತಿನಲ್ಲಿ. ಕ್ರೋಮಿಯಂ, ನಿಕಲ್‌ಗಳೂ ಮಾಂಸಕ್ಕಿಂತ ಒಳ ಅಂಗಗಳಲ್ಲೇ ಹೆಚ್ಚು. ಅಂದರೆ ಪಾದರಸವನ್ನು ಬಿಟ್ಟು ಉಳಿದವನ್ನು ಕತ್ತರಿಸುವ ಮಣೆಯ ಮೇಲೆಯೇ ಬಹುಪಾಲು ತೆಗೆದು ಹಾಕಬಹುದು. ಇದು ನಿಮ್ಮ ಕೈಯಲ್ಲಿರುವ ದೊಡ್ಡ ಅನುಕೂಲ.

ಎಲ್ಲ ಲೋಹವೂ ಬೆಂಗಳೂರಿನಿಂದಲೇ ಬರುತ್ತದೆ ಎನ್ನುವುದೂ ಸರಿಯಲ್ಲ. ಬಣ್ಣ ಬಳಿದ ಗಣೇಶನನ್ನು ನಾವೇ ನಮ್ಮ ಕೆರೆಗೆ ಬಿಡುತ್ತೇವೆ. ಅಗ್ಗದ ಬಣ್ಣಗಳಲ್ಲಿ ಸೀಸ, ಕ್ರೋಮಿಯಂ ಇರುತ್ತವೆ. ಹಳೆ ಬ್ಯಾಟರಿ ಒಡೆದು ಸೀಸ ಕರಗಿಸುವವರು ಆಮ್ಲವನ್ನು ಮೋರಿಗೆ ಸುರಿಯುತ್ತಾರೆ. ರಾತ್ರಿ ಹೊತ್ತು ಟ್ಯಾಂಕರ್‌ನಲ್ಲಿ ತಂದು ರಾಜಕಾಲುವೆಗೆ ಬಿಡುವವರ ಬಗ್ಗೆ ಹಳ್ಳಿಯವರೇ ದೂರು ಹೇಳುತ್ತಾರೆ. ಕೆ.ಜಿ.ಎಫ್. ಕಡೆಯ ಓದುಗರು ಆಗಾಗ ಸೈನೈಡ್ ಗುಡ್ಡಗಳ ಬಗ್ಗೆ ಕೇಳುತ್ತಾರೆ. 2001ರಲ್ಲಿ ಗಣಿ ಮುಚ್ಚಿದ ಮೇಲೂ ಅಲ್ಲಿ ಉಳಿದಿರುವ ಆ ಪುಡಿಮಣ್ಣಿನ ರಾಶಿಗಳಲ್ಲಿ ಸೈನೈಡ್ ಬಿಸಿಲು ಗಾಳಿಗೆ ಕಾಲಕ್ರಮೇಣ ನಶಿಸುತ್ತದೆ. ಆದರೆ ಅದಿರಿನ ಜೊತೆಗೆ ಬಂದ ಲೋಹಗಳು ನಶಿಸುವುದಿಲ್ಲ. ಮಳೆ ಬಂದಾಗ ಅಲ್ಲಿಂದ ಹರಿದ ನೀರು ಸೇರುವ ಕುಂಟೆಗಳ ಮೀನನ್ನು ಪರೀಕ್ಷೆ ಇಲ್ಲದೆ ತಿನ್ನಬೇಡಿ ಎಂದೇ ನಾನು ಹೇಳುವುದು. ನಿಮ್ಮ ಊರಿಗೆ ಆ ಸಂಬಂಧವಿಲ್ಲ.

ಯಾರೂ ಗಮನಿಸದ ಇನ್ನೊಂದು ಮೂಲವಿದೆ. ಏರಿಯ ಮೇಲೆ ನಿಮಗೆ ಮೀನು ಕೊಡುವವರ ಬೀಸುಬಲೆಯನ್ನು ಒಮ್ಮೆ ನೋಡಿ. ಅಂಚಿನ ಸುತ್ತ ಬೆರಳ ತುದಿಯಷ್ಟಿರುವ ಬೂದು ಬಣ್ಣದ ಗುಂಡುಗಳನ್ನು ಪೋಣಿಸಿರುತ್ತಾರೆ. ಹಲವು ಬಲೆಗಳಲ್ಲಿ ಅವು ಸೀಸದವು. ಬಲೆ ಎಸೆಯುವ ಮೊದಲು ಒಂದು ಅಂಚನ್ನು ಹಲ್ಲಿನಲ್ಲಿ ಕಚ್ಚಿ ಹಿಡಿಯುವುದು ಅನೇಕರಿಗೆ ಅಭ್ಯಾಸ. ಹಳೆ ಗುಂಡುಗಳ ಮೇಲೆ ಹಲ್ಲಿನ ಗುರುತುಗಳನ್ನೇ ಕಂಡಿದ್ದೇನೆ. ಮನೆಯಲ್ಲಿ ಸೀಸ ಕಾಯಿಸಿ ಗುಂಡು ಎರಕ ಹೊಯ್ಯುವುದೂ ಉಂಟು, ಅದೂ ಮಕ್ಕಳ ಎದುರಿಗೆ. ಮೀನು ತಿನ್ನುವವರಿಗಿಂತ ಮೀನು ಹಿಡಿಯುವವರ ಮನೆಯ ಮಕ್ಕಳಿಗೆ ಇದರಿಂದ ಹೆಚ್ಚು ಸೀಸ ಸೇರಬಹುದು. ದಯವಿಟ್ಟು ಅವರಿಗೆ ಈ ವಿಷಯ ತಿಳಿಸಿ. ಕಬ್ಬಿಣದ ಸರಪಳಿ, ಕಬ್ಬಿಣದ ಗುಂಡು ಹಾಕಿದ ಬಲೆಗಳೂ ಸಿಗುತ್ತವೆ.

ಯಾವ ಮೀನು ಕೊಳ್ಳಬೇಕು ಎಂದು ಕೇಳಿದ್ದೀರಿ. ಕಾಟ್ಲಾ ಮೇಲ್ನೀರಿನ ಸೂಕ್ಷ್ಮ ಜೀವಿಗಳನ್ನು ಸೋಸಿ ತಿನ್ನುತ್ತದೆ. ರೋಹು ನಡು ನೀರಿನದು. ಹುಲ್ಲು ಗೆಂಡೆ ಜೊಂಡು, ಹುಲ್ಲು ತಿನ್ನುತ್ತದೆ. ನಿಮ್ಮ ಮನೆಗೆ ಈ ಮೂರು ಒಳ್ಳೆಯವು, ಅದರಲ್ಲೂ ಕಾಟ್ಲಾ. ಮೃಗಾಲ್ ಮತ್ತು ಸಾಮಾನ್ಯ ಗೆಂಡೆ ತಳದ ಕೆಸರನ್ನೇ ಕೆದಕಿ ತಿನ್ನುವ ಮೀನುಗಳು. ಸಾಮಾನ್ಯ ಗೆಂಡೆಯ ಹೊಟ್ಟೆ ಸೀಳಿದರೆ ಕರುಳಿನಲ್ಲಿ ಕಪ್ಪು ಕೆಸರು ಕಾಣುವುದನ್ನು ನೀವೇ ನೋಡಿರುತ್ತೀರಿ. ದೊಡ್ಡವರು ಆಗೊಮ್ಮೆ ಈಗೊಮ್ಮೆ ತಿನ್ನಬಹುದು, ಮಗಳಿಗೂ ಮಗುವಿಗೂ ಸದ್ಯಕ್ಕೆ ಬೇಡ. ಜಿಲೇಬಿ ಮೀನು ಇವೆರಡರ ನಡುವಿನದು. ಪಾಚಿ, ಕೊಳೆತದ್ದು, ಸಿಕ್ಕಿದ್ದನ್ನೆಲ್ಲ ತಿನ್ನುತ್ತದೆ. ಕೊರಮೀನು ರುಚಿಯಲ್ಲಿ ರಾಜ, ಬೆಲೆಯಲ್ಲೂ. ಆದರೆ ಅದು ಬೇರೆ ಮೀನನ್ನು ಬೇಟೆಯಾಡುವ ಮೀನು, ಹಲವು ವರ್ಷ ಬದುಕುತ್ತದೆ. ಪಾದರಸದ ದೃಷ್ಟಿಯಿಂದ ದೊಡ್ಡ ಕೊರಮೀನನ್ನು ಬಸುರಿಯರಿಗೆ ಕೊಡಬಾರದು. ‘ಬಾಣಂತಿಗೆ ಶಕ್ತಿ’ ಎಂದು ಹುಡುಕಿ ತರುವ ಪದ್ಧತಿ ನಮ್ಮ ಕಡೆ ಇರುವುದರಿಂದ ಇದನ್ನು ಒತ್ತಿ ಹೇಳುತ್ತಿದ್ದೇನೆ. ಆಫ್ರಿಕನ್ ಕ್ಯಾಟ್‌ಫಿಶ್ ಅಂತೂ ಯಾರಿಗೂ ಬೇಡ. ಅದರ ಸಾಕಣೆಗೇ ದೇಶದಲ್ಲಿ ನಿಷೇಧವಿದೆ. ಕದ್ದು ಸಾಕುವವರು ಕೋಳಿ ಅಂಗಡಿಯ ತ್ಯಾಜ್ಯ ಹಾಕಿ ಬೆಳೆಸುತ್ತಾರೆ.

ಗಾತ್ರವೂ ಮುಖ್ಯ. ಒಂದು, ಒಂದೂವರೆ ಕಿಲೋದ ಮೀನು ವರ್ಷದ ಆಸುಪಾಸಿನದು. ನಾಲ್ಕೈದು ಕಿಲೋದ್ದು ಎರಡು ಮೂರು ಬೇಸಿಗೆ ಕಂಡಿರುತ್ತದೆ, ಅಷ್ಟು ದಿನ ಕೂಡಿಟ್ಟುಕೊಂಡಿರುತ್ತದೆ. ಬೆಲೆ ಒಂದೇ ಆದರೆ ಮಧ್ಯಮ ಗಾತ್ರದ್ದನ್ನೇ ಆರಿಸಿ.

ಈಗ ಅಡುಗೆಮನೆಗೆ ಬರೋಣ. ಮೈಮೇಲಿನ ಪೊರೆಯನ್ನು (ಹುರುಪೆ) ಉಜ್ಜಿ ತೆಗೆಯಿರಿ. ತಲೆ ಸಾರಿಗೆ ಬೇಕೇ ಬೇಕು ಎಂದರೆ ಕಿವಿರನ್ನು ಪೂರ್ತಿ ಕಿತ್ತು ಹಾಕಿ. ಕೆಂಪಗೆ ಚೆನ್ನಾಗಿದೆ ಎಂದು ಬಿಡಬೇಡಿ. ಹೊಟ್ಟೆಯೊಳಗಿನದನ್ನೆಲ್ಲ ತೆಗೆದ ಮೇಲೆ ಬಿಳಿಯ ಗಾಳಿಚೀಲವನ್ನೂ ಎಳೆದು ತೆಗೆಯಿರಿ. ಅದರ ಹಿಂದೆ, ಬೆನ್ನುಮೂಳೆಗೆ ಅಂಟಿಕೊಂಡು, ತೆಳುವಾದ ಪೊರೆಯ ಕೆಳಗೆ ಕಡುಗೆಂಪು ಬಣ್ಣದ ಉದ್ದನೆಯ ಪಟ್ಟಿ ಕಾಣುತ್ತದೆ. ಹೆಚ್ಚಿನವರು ಅದನ್ನು ಹೆಪ್ಪುಗಟ್ಟಿದ ರಕ್ತ ಎಂದುಕೊಂಡು ಹಾಗೆಯೇ ಬಿಡುತ್ತಾರೆ. ಅದು ಮೀನಿನ ಮೂತ್ರಪಿಂಡ. ಕ್ಯಾಡ್ಮಿಯಂ ಹೆಚ್ಚಾಗಿ ಕೂಡುವ ಜಾಗ ಅದು. ಚಾಕುವಿನ ತುದಿಯಿಂದ ಪೊರೆಯನ್ನು ಸೀಳಿ, ಹೆಬ್ಬೆರಳಿನ ಉಗುರಿನಿಂದ ಉದ್ದಕ್ಕೂ ಕೆರೆದು, ಹರಿಯುವ ನೀರಿನಲ್ಲಿ ತೊಳೆಯಿರಿ. ಒಂದು ನಿಮಿಷದ ಕೆಲಸ. ಯಕೃತ್ತನ್ನು ಹುರಿದು ಮಕ್ಕಳಿಗೆ ಕೊಡುವ ರೂಢಿ ಇದ್ದರೆ ಬಿಡಿ. ಸಣ್ಣ ಮೀನುಗಳನ್ನು ಹೊಟ್ಟೆ ತೆಗೆಯದೆ, ಮೂಳೆ ಸಮೇತ ತಿನ್ನುವುದು ಕೆರೆಯ ಮೀನಿಗೆ ಒಳ್ಳೆಯದಲ್ಲ. ಕೆರೆಯ ತಳದ ಕೆಸರನ್ನೇ ಸ್ವಲ್ಪ ತಿಂದಂತಾಗುತ್ತದೆ.

ಹುಣಸೆ, ಅರಿಶಿನದ ನೀರು ಲೋಹವನ್ನು ತೆಗೆಯುವುದಿಲ್ಲ. ವಾಸನೆ ಹೋಗುತ್ತದೆ, ಲೋಳೆ ಹೋಗುತ್ತದೆ, ಸಾರು ರುಚಿಯಾಗುತ್ತದೆ, ಅದಕ್ಕಾಗಿ ಹಾಕಿ. ಮೀಥೈಲ್ ಪಾದರಸ ಮಾಂಸದ ಪ್ರೋಟೀನಿಗೇ ಕಟ್ಟಿಕೊಂಡಿರುವುದರಿಂದ ತೊಳೆದರೂ, ಬೇಯಿಸಿದರೂ, ಹುರಿದರೂ ಹೋಗುವುದಿಲ್ಲ. ಹುಣಸೆಯ ವಿಷಯದಲ್ಲಿ ತಿರುಗುಮುರುಗಾದ ಒಂದು ಎಚ್ಚರಿಕೆ ಇದೆ. ಹುಳಿ ಸಾರನ್ನು ಕಲಾಯಿ ಹಾಕಿದ ಹಿತ್ತಾಳೆ ಪಾತ್ರೆಯಲ್ಲಿ ಕುದಿಸುತ್ತಿದ್ದರೆ, ಆ ಕಲಾಯಿಯ ತವರದಲ್ಲಿ ಸೀಸ ಬೆರೆತಿದ್ದರೆ, ಹುಳಿ ಅದನ್ನು ಸಾರಿಗೆ ಎಳೆಯುತ್ತದೆ. ಮೀನಿನಲ್ಲಿ ಇಲ್ಲದ ಸೀಸ ಪಾತ್ರೆಯಿಂದ ಬಂದಂತಾಯಿತು. ಮಣ್ಣಿನ ಮಡಕೆಯಾದರೆ ಒಳಗೆ ಹೊಳಪು ಬಳಿಯದ ಸಾದಾ ಮಡಕೆ, ಇಲ್ಲವಾದರೆ ಸ್ಟೀಲ್ ಪಾತ್ರೆ ಬಳಸಿ. ಅರಿಶಿನವನ್ನೂ ಕೊಂಬು ತಂದು ಪುಡಿ ಮಾಡಿಸಿಕೊಳ್ಳುವುದು ಒಳ್ಳೆಯದು. ಹಳದಿ ಹೊಳೆಯಲೆಂದು ಸೀಸದ ಕ್ರೋಮೇಟ್ ಬೆರೆಸಿದ ಅರಿಶಿನ ನಮ್ಮ ದೇಶದಲ್ಲೂ ಬಾಂಗ್ಲಾದೇಶದಲ್ಲೂ ಸಿಕ್ಕಿಬಿದ್ದಿದೆ.

ಪ್ರಮಾಣದ ಲೆಕ್ಕವನ್ನು ಒಮ್ಮೆ ಮಾಡಿ ತೋರಿಸುತ್ತೇನೆ. ಮೀಥೈಲ್ ಪಾದರಸಕ್ಕೆ ಅಂತರರಾಷ್ಟ್ರೀಯ ತಜ್ಞರ ಸಮಿತಿ ಹಾಕಿರುವ ಮಿತಿ, ದೇಹದ ತೂಕದ ಪ್ರತಿ ಕಿಲೋಗೆ ವಾರಕ್ಕೆ 1.6 ಮೈಕ್ರೋಗ್ರಾಂ (ಮೈಕ್ರೋಗ್ರಾಂ ಎಂದರೆ ಮಿಲಿಗ್ರಾಂನ ಸಾವಿರದಲ್ಲಿ ಒಂದು ಪಾಲು). ನಿಮ್ಮ ಮಗಳ ತೂಕ 60 ಕಿಲೋ ಎಂದುಕೊಂಡರೆ ವಾರಕ್ಕೆ 96. ಒಂದು ಮೀನಿನ ಮಾಂಸದಲ್ಲಿ ಕಿಲೋಗೆ 0.1 ಮಿಲಿಗ್ರಾಂ ಇದೆ ಎಂದು ಊಹಿಸೋಣ. 200 ಗ್ರಾಂ ತಿಂದರೆ 20 ಮೈಕ್ರೋಗ್ರಾಂ ಸೇರಿತು. ವಾರಕ್ಕೆ ಎರಡು ಸಲ ತಿಂದರೂ ಮಿತಿಯ ಅರ್ಧ ದಾಟುವುದಿಲ್ಲ. 15 ಕಿಲೋ ತೂಗುವ ಮಗುವಿಗೆ ಮಿತಿ 24. ಅದು 50 ಗ್ರಾಂ ತಿಂದರೆ 5.

ಸೀಸದ ಲೆಕ್ಕ ಇಷ್ಟು ನಿರಾಳವಾಗಿಲ್ಲ. ನಮ್ಮ ಆಹಾರ ಸುರಕ್ಷತಾ ಪ್ರಾಧಿಕಾರ ಮೀನಿನಲ್ಲಿ ಸೀಸಕ್ಕೆ ಇಟ್ಟಿರುವ ಮಿತಿ ಕಿಲೋಗೆ 0.3 ಮಿಲಿಗ್ರಾಂ. ಅಷ್ಟೇ ಸೀಸ ಇರುವ ಮೀನನ್ನು ಮೊಮ್ಮಗ ವಾರಕ್ಕೊಮ್ಮೆ 50 ಗ್ರಾಂ ತಿಂದರೆ 15 ಮೈಕ್ರೋಗ್ರಾಂ, ದಿನಕ್ಕೆ ಹಂಚಿದರೆ ಎರಡಕ್ಕಿಂತ ತುಸು ಹೆಚ್ಚು. ಅಮೆರಿಕದ ಆಹಾರ ಮತ್ತು ಔಷಧ ಆಡಳಿತ ಮಕ್ಕಳಿಗೆ ಆಹಾರದಿಂದ ದಿನಕ್ಕೆ ಇಷ್ಟು ದಾಟಬಾರದು ಎಂದು ಇಟ್ಟುಕೊಂಡಿರುವ ಅಂಕಿ 2.2. ಅಂದರೆ ಮಿತಿಯೊಳಗೇ ಇರುವ ಮೀನೊಂದೇ ಮಗುವಿನ ಪಾಲನ್ನು ಮುಗಿಸಿಬಿಡಬಹುದು. ಮಕ್ಕಳ ಕರುಳು ಸೀಸವನ್ನು ದೊಡ್ಡವರಿಗಿಂತ ನಾಲ್ಕೈದು ಪಟ್ಟು ಹೆಚ್ಚು ಹೀರುತ್ತದೆ. ರಕ್ತದಲ್ಲಿ ಇಷ್ಟು ಸೀಸ ಇದ್ದರೆ ತೊಂದರೆಯಿಲ್ಲ ಎಂಬ ಮಟ್ಟವೇ ಗೊತ್ತಿಲ್ಲ ಎಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಮೂಳೆ, ಕಿವಿರು, ಒಳಗಿನ ಅಂಗಗಳನ್ನು ತೆಗೆಯಿರಿ, ತಳದ ಮೀನು ಬೇಡ ಎಂದು ಮೇಲೆ ಅಷ್ಟು ಹೇಳಿದ್ದು ಇದಕ್ಕಾಗಿ.

ವಿಡಿಯೋದಲ್ಲಿ ಹೇಳಿದ ‘ಎಷ್ಟೋ ಪಟ್ಟು’ ಎಲ್ಲಿಂದ ಬಂತು? ಇಂಥ ಅಂಕಿಗಳನ್ನು ಕಂಡಾಗ ನಾನು ಮೊದಲು ನೋಡುವುದು ಎರಡು ವಿಷಯ. ಒಂದು, ಅದು ಹಸಿ ತೂಕದ ಲೆಕ್ಕವೋ ಒಣ ತೂಕದ್ದೋ. ಮೀನಿನ ಮಾಂಸದಲ್ಲಿ ಮುಕ್ಕಾಲು ಪಾಲಿಗೂ ಹೆಚ್ಚು ನೀರು. ಸಂಶೋಧನೆಗೆ ಒಣಗಿಸಿ ಪುಡಿ ಮಾಡಿ ಅಳೆದಾಗ ಅಂಕಿ ನಾಲ್ಕೈದು ಪಟ್ಟು ದೊಡ್ಡದಾಗಿ ಕಾಣುತ್ತದೆ. ಕಾನೂನಿನ ಮಿತಿ ಇರುವುದು ಹಸಿ ತೂಕಕ್ಕೆ. ಎರಡನ್ನೂ ಹೋಲಿಸಿ ಗಾಬರಿ ಹುಟ್ಟಿಸುವುದು ಬಹಳ ಸುಲಭ. ಇನ್ನೊಂದು, ಅಳೆದದ್ದು ಮಾಂಸವನ್ನೋ ಯಕೃತ್ತು, ಕಿವಿರುಗಳನ್ನೋ. ಈ ಎರಡನ್ನು ಹೇಳದ ವಿಡಿಯೋವನ್ನು ನಂಬಬೇಡಿ, ಮುಂದಕ್ಕೆ ಕಳುಹಿಸಲೂ ಬೇಡಿ. ಕ್ಯಾನ್ಸರ್ ಮಾತು ಕೂಡ ಹಾಗೆಯೇ. ಕ್ಯಾಡ್ಮಿಯಂ ದೀರ್ಘಕಾಲದಲ್ಲಿ ಮೂತ್ರಪಿಂಡಕ್ಕೆ ಮಾಡುವ ಹಾನಿ, ಸೀಸ ಮಕ್ಕಳ ಮೆದುಳಿಗೆ ಮಾಡುವ ಹಾನಿ ನಮ್ಮ ಮುಂದಿರುವ ನಿಜವಾದ ಚಿಂತೆಗಳು. ಅವು ಹೆದರಿಸುವ ಪದಗಳಲ್ಲದ ಕಾರಣ ವಿಡಿಯೋಗಳಲ್ಲಿ ಬರುವುದಿಲ್ಲ.

ಹಾಗಾದರೆ ನಿಮ್ಮ ಮುಂದೆ ಏನೇನು ದಾರಿಗಳಿವೆ? ಮೀನನ್ನೇ ಬಿಡುವುದು ಒಂದು. ಲೋಹದ ಒಂದು ಮೂಲ ಹೋಗುತ್ತದೆ, ಜೊತೆಗೆ ಒಳ್ಳೆಯ ಪ್ರೋಟೀನ್, ಮಗುವಿನ ಮೆದುಳಿನ ಬೆಳವಣಿಗೆಗೆ ಬೇಕಾದ ಕೊಬ್ಬು, ಅಯೋಡಿನ್‌ಗಳೂ ಹೋಗುತ್ತವೆ. ಪಾದರಸ ಕಡಿಮೆ ಇರುವ ಮೀನನ್ನು ಬಸುರಿಯರು ವಾರಕ್ಕೆ 225ರಿಂದ 340 ಗ್ರಾಂನಷ್ಟು ತಿನ್ನಲಿ ಎಂದು ಅಮೆರಿಕದ ಸಲಹೆ ಇರುವುದು ಈ ಕಾರಣಕ್ಕೆ. ಕೋಲಾರದ ಮಾರುಕಟ್ಟೆಯಲ್ಲಿ ಬೂತಾಯಿ, ಬಂಗುಡೆ ಮಂಜುಗಡ್ಡೆಯಲ್ಲಿ ತಾಜಾ ಸಿಕ್ಕಿದರೆ ಮಗಳಿಗೆ ಅದೇ ಉತ್ತಮ. ಸಣ್ಣವು, ಬೇಗ ಬೆಳೆಯುವವು, ಪಾದರಸ ಕಡಿಮೆ. ಹಳಸಿದ್ದು ತಂದರೆ ಬೇರೆ ತೊಂದರೆ, ಆದ್ದರಿಂದ ಕಣ್ಣು, ಕಿವಿರು ನೋಡಿ ಕೊಳ್ಳಿ. ಶಾರ್ಕ್, ದೊಡ್ಡ ಅಂಜಲ್ ಬೇಡ. ಊರ ಕೆರೆಯದ್ದೇ ಆಗಬೇಕೆಂದರೆ ಒಂದು ಕಿಲೋದ ಕಾಟ್ಲಾ ಅಥವಾ ರೋಹು, ಮೇಲೆ ಹೇಳಿದಂತೆ ಸ್ವಚ್ಛ ಮಾಡಿ, ಮಗಳಿಗೂ ಮೊಮ್ಮಗನಿಗೂ ವಾರಕ್ಕೆ ಒಂದು ಸಲ ಸಾಕು. ಇದರಲ್ಲಿ ಅಪಾಯ ಸೊನ್ನೆ ಎಂದು ಹೇಳಲಾರೆ. ಆದರೆ ಈಗಿನ ರೀತಿಗಿಂತ ಬಹಳ ಕಡಿಮೆ. ನೀವೂ ಯಜಮಾನರೂ ಎರಡು ಸಲ ತಿನ್ನುವುದಕ್ಕೆ ನನ್ನ ಅಡ್ಡಿಯಿಲ್ಲ.

ಮೀನಿನ ಜೊತೆಗೆ ತಿನ್ನುವುದೂ ಲೆಕ್ಕಕ್ಕೆ ಬರುತ್ತದೆ. ದೇಹದಲ್ಲಿ ಕಬ್ಬಿಣ, ಸುಣ್ಣದ ಅಂಶ ಕಡಿಮೆ ಇದ್ದಾಗ ಕರುಳು ಸೀಸವನ್ನೂ ಕ್ಯಾಡ್ಮಿಯಂ ಅನ್ನೂ ಹೆಚ್ಚು ಹೀರುತ್ತದೆ. ನೂರು ಗ್ರಾಂ ರಾಗಿಯಲ್ಲಿ ಸುಮಾರು 350 ಮಿಲಿಗ್ರಾಂ ಕ್ಯಾಲ್ಸಿಯಂ ಇದೆ. ಮುದ್ದೆಯ ಜೊತೆ ಮೀನು ಸಾರು ತಿನ್ನುವ ನಮ್ಮ ರೂಢಿ ಈ ದೃಷ್ಟಿಯಿಂದಲೂ ಒಳ್ಳೆಯದೇ. ಆಶಾ ಕಾರ್ಯಕರ್ತೆ ಕೊಟ್ಟಿರುವ ಕಬ್ಬಿಣದ ಮಾತ್ರೆಗಳನ್ನು ಮಗಳು ತಪ್ಪದೆ ನುಂಗುತ್ತಿದ್ದಾಳೆಯೇ ಎಂದು ದಯವಿಟ್ಟು ವಿಚಾರಿಸಿ.

ನೀವು ಕೇಳದ ಒಂದು ಮಾತನ್ನೂ ಸೇರಿಸುತ್ತೇನೆ. ಮೀನನ್ನು ವಾರಕ್ಕೊಮ್ಮೆ ತಿನ್ನುತ್ತೀರಿ, ನೀರನ್ನು ದಿನವೂ ಕುಡಿಯುತ್ತೀರಿ. ಕೋಲಾರ, ಚಿಕ್ಕಬಳ್ಳಾಪುರ, ತುಮಕೂರಿನ ಆಳದ ಕೊಳವೆಬಾವಿಗಳಲ್ಲಿ ಫ್ಲೋರೈಡ್ ತೊಂದರೆ ಎಲ್ಲರಿಗೂ ಗೊತ್ತು. ಹಲವೆಡೆ ಗ್ರಾನೈಟ್ ಬಂಡೆಯಿಂದ ಬರುವ ಯುರೇನಿಯಂ ಕೂಡ ವಿಶ್ವ ಆರೋಗ್ಯ ಸಂಸ್ಥೆಯ ಮಿತಿಯಾದ ಲೀಟರ್‌ಗೆ 30 ಮೈಕ್ರೋಗ್ರಾಂ ದಾಟಿದೆ. ಇದಕ್ಕೂ ಬೆಂಗಳೂರಿನ ಕೊಳಚೆಗೂ ಸಂಬಂಧವಿಲ್ಲ. ಮಗಳು ಕುಡಿಯುವುದು ನೇರ ಕೊಳವೆಬಾವಿಯ ನೀರಾದರೆ, ಮೀನಿಗಿಂತ ಮೊದಲು ಅದನ್ನು ಬದಲಾಯಿಸಿ. ಊರಿನ ಶುದ್ಧ ನೀರಿನ ಘಟಕದ ಫಿಲ್ಟರ್ ಸಮಯಕ್ಕೆ ಬದಲಾಗುತ್ತಿದ್ದರೆ ಆ ನೀರು ಸಾಕು.

ಕೊನೆಯದಾಗಿ ಪರೀಕ್ಷೆ. ಆಹಾರ ಸುರಕ್ಷತಾ ಕಾಯ್ದೆ 2006ರ 40ನೇ ಕಲಮಿನ ಪ್ರಕಾರ, ಕೊಂಡ ಆಹಾರವನ್ನು ಗ್ರಾಹಕರೇ ಶುಲ್ಕ ಕಟ್ಟಿ ಆಹಾರ ವಿಶ್ಲೇಷಕರಿಂದ ಪರೀಕ್ಷೆ ಮಾಡಿಸಬಹುದು. ಜಿಲ್ಲಾ ಕೇಂದ್ರದ ಆಹಾರ ಸುರಕ್ಷತಾ ಅಧಿಕಾರಿಯ ಕಚೇರಿಯಲ್ಲಿ ವಿಚಾರಿಸಿ. ಬೆಂಗಳೂರಿನಲ್ಲಿ ಮಾನ್ಯತೆ ಪಡೆದ ಖಾಸಗಿ ಪ್ರಯೋಗಾಲಯಗಳಿವೆ, ಮೈಸೂರಿನಲ್ಲಿ ಕೇಂದ್ರೀಯ ಆಹಾರ ತಂತ್ರಜ್ಞಾನ ಸಂಶೋಧನಾಲಯವಿದೆ. ಆದರೆ ಒಂದು ಮನೆಯವರು ಒಂದು ಮೀನಿಗೆ ದುಡ್ಡು ಸುರಿಯುವುದು ನನಗೆ ಸರಿ ಕಾಣುವುದಿಲ್ಲ. ಒಂದು ಮೀನಿನ ಫಲಿತಾಂಶದಿಂದ ಕೆರೆಯ ಬಗ್ಗೆ ತೀರ್ಮಾನಕ್ಕೆ ಬರಲೂ ಆಗದು. ಗುತ್ತಿಗೆಯಿಂದ ಹಣ ಬರುತ್ತಿರುವಾಗ, ಆ ಹಣದಲ್ಲಿ ವರ್ಷಕ್ಕೆ ಎರಡು ಸಲ ಪರೀಕ್ಷೆ ಮಾಡಿಸುವುದು ಊರಿನ ಹಕ್ಕು.

ಗ್ರಾಮಸಭೆಯಲ್ಲಿ ಅರ್ಜಿ ಕೊಡುವುದಾದರೆ ‘ಮೀನು ಪರೀಕ್ಷೆ ಮಾಡಿಸಿ’ ಎಂದಷ್ಟೇ ಬರೆಯಬೇಡಿ, ನೀರಿನ ವರದಿಯನ್ನೇ ಮತ್ತೊಮ್ಮೆ ಕೈಗೆ ಕೊಟ್ಟು ಕಳುಹಿಸುತ್ತಾರೆ. ಹೀಗೆ ಬರೆಯಿರಿ: ನಮ್ಮ ಕೆರೆಯ ಕಾಟ್ಲಾ ಮತ್ತು ಸಾಮಾನ್ಯ ಗೆಂಡೆ, ಪ್ರತಿ ಜಾತಿಯಲ್ಲಿ ಒಂದೇ ಗಾತ್ರದ ಐದೈದು ಮೀನು, ಮಾಂಸ ಮತ್ತು ಯಕೃತ್ತನ್ನು ಬೇರೆ ಬೇರೆಯಾಗಿ, ಸೀಸ, ಕ್ಯಾಡ್ಮಿಯಂ, ಪಾದರಸ, ಕ್ರೋಮಿಯಂ, ನಿಕಲ್‌ಗಳಿಗಾಗಿ, ಹಸಿ ತೂಕದ ಲೆಕ್ಕದಲ್ಲಿ ಪರೀಕ್ಷಿಸಬೇಕು, ಜೊತೆಗೆ ನೀರು ಒಳಬರುವ ಜಾಗ, ನಡುಭಾಗ ಮತ್ತು ತೂಬಿನ ಬಳಿಯ ಹೂಳನ್ನೂ ಪರೀಕ್ಷಿಸಬೇಕು, ಒಂದು ಸಲ ಮಳೆಗಾಲದ ನಂತರ, ಒಂದು ಸಲ ಏಪ್ರಿಲ್‌ನಲ್ಲಿ, ವರದಿಯನ್ನು ಪಂಚಾಯಿತಿ ಕಚೇರಿಯ ಗೋಡೆಗೆ ಅಂಟಿಸಬೇಕು. ಮೀನುಗಾರಿಕೆ ಇಲಾಖೆಯ ಸಹಾಯಕ ನಿರ್ದೇಶಕರಿಗೂ ಅದರ ಪ್ರತಿ ಕಳುಹಿಸಿ. ಮಾದರಿ ತೆಗೆಯುವ ದಿನ ಊರಿನವರು ಇಬ್ಬರು ಹಾಜರಿರಲಿ. ಮೀನನ್ನು ಹಳೆ ಪೇಪರಿನಲ್ಲಿ ಸುತ್ತದೆ, ಹೊಸ ಪ್ಲಾಸ್ಟಿಕ್ ಚೀಲದಲ್ಲಿ ಹಾಕಿ ಮಂಜುಗಡ್ಡೆಯ ಪೆಟ್ಟಿಗೆಯಲ್ಲಿ ಅದೇ ದಿನ ಕಳುಹಿಸಬೇಕು. ವರದಿ ಬಂದ ಮೇಲೆ ಅದರಲ್ಲಿರುವ ಅಂಕಿಗಳನ್ನು ನನಗೆ ಬರೆದು ಕಳುಹಿಸಿದರೆ, ನಿಮ್ಮ ಕೆರೆಯ ಮೀನನ್ನು ಯಾರು ಎಷ್ಟು ತಿನ್ನಬಹುದು ಎಂದು ಲೆಕ್ಕ ಹಾಕಿ ಉತ್ತರಿಸುತ್ತೇನೆ.